ಚೊಗರಿನ ಲೇಪ

ನಲ್ಲೂರಿನ ಅಡಿಕೆ ವ್ಯಾಪಾರಿ ಜಯದೇವಪ್ಪನ ಮನೆಯಲ್ಲಿ ಕೂಲಿಯಾಳು ಅಂತರಘಟ್ಟಮ್ಮನ ಕೈಗಳಿಗೆ ಒಂದು ಕಾನೂನಿತ್ತು. ಯಾರೂ ಬರೆದಿಟ್ಟದ್ದಲ್ಲ, ಬಾಯಿಬಿಟ್ಟು ಹೇಳಿದ್ದೂ ಅಲ್ಲ. ಹಿತ್ತಲಿನಲ್ಲಿ ಆ ಕೈಗಳು ಏನನ್ನು ಬೇಕಾದರೂ ಮುಟ್ಟಬಹುದು. ಹಿತ್ತಲ ಬಾಗಿಲಿನಿಂದಾಚೆ ಏನನ್ನೂ ಮುಟ್ಟುವಂತಿಲ್ಲ. ಅವಳು ಸುಲಿದ ಅಡಿಕೆ ಒಳಗೆ ಹೋಗಬಹುದು. ಅವಳು ತೊಳೆದ ಪಾತ್ರೆ, ಮೇಲೊಂದು ಚೊಂಬು ನೀರು ಹುಯ್ಯಿಸಿಕೊಂಡು ಒಳಗೆ ಹೋಗಬಹುದು. ಅವಳು ಮಾತ್ರ ಹೋಗುವಂತಿಲ್ಲ.

ಹೀಗಿರುವಾಗ ಜಯದೇವಪ್ಪನ ಹೆಂಡತಿ ಪ್ರೇಮಮ್ಮನಿಗೆ ಹರ್ಬಲ್ ಹುಚ್ಚು ಹತ್ತಿತು. ಫೋನಿನಲ್ಲಿ ಯಾರೋ ಹೆಂಗಸು ಬೇವಿನೆಲೆ ಹಿಡಿದುಕೊಂಡು ನಗುತ್ತಾ ಹೇಳಿದ್ದೇ ತಡ, ಅಂಗಡಿಯ ಕ್ರೀಮುಗಳೆಲ್ಲ ಕೆಮಿಕಲ್ ಎಂದು ಕಸಕ್ಕೆ ಹೋದವು. ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಬೇವು, ಲೋಳೆಸರ, ಒಣಗಿಸಿದ ಕಿತ್ತಳೆ ಸಿಪ್ಪೆ, ಹಾಲಿನ ಕೆನೆ ಒಂದೊಂದಾಗಿ ಹಿತ್ತಲಿಗೆ ಬಂದು ಕೂತವು. ಆದರೆ ಅರೆಯುವವರು ಯಾರು? ಪ್ರೇಮಮ್ಮನಿಗೆ ರಟ್ಟೆ ನೋವು. ಹಿತ್ತಲಿನ ಹಳೆಯ ಒರಳುಕಲ್ಲಿನ ಮುಂದೆ ಅಂತರಘಟ್ಟಮ್ಮನೇ ಕೂತಳು.

ಅಂದಿನಿಂದ ಅವಳು ಪ್ರತಿ ಶುಕ್ರವಾರ ನುಣ್ಣಗೆ ಅರೆದು ಬಟ್ಟಲಿಗೆ ತುಂಬುವುದು, ಪ್ರೇಮಮ್ಮ ಬಟ್ಟಲನ್ನು ಬಾಗಿಲಲ್ಲಿಯೇ ಇಸಿದುಕೊಂಡು ಒಳಗೆ ಹೋಗುವುದು ನಡೆಯಿತು. ಅಡಿಗೆಮನೆಯ ಹೊಸ್ತಿಲು ಕಾಣದ ಕೈ ಅರೆದದ್ದು ಹೀಗೆ ವಾರಕ್ಕೊಮ್ಮೆ ಯಜಮಾನ್ತಿಯ ಕೆನ್ನೆ, ಹಣೆ, ಮೂಗಿನ ತುದಿಯ ಮೇಲೆ ಸವಾರಿ ಮಾಡಿಕೊಂಡು ನಡುಮನೆ, ದೇವರಮನೆಯನ್ನೆಲ್ಲ ಸುತ್ತಿ ಬರುತ್ತಿತ್ತು. ಮಡಿ ಮೈಲಿಗೆಯ ಶಾಸ್ತ್ರ ಮಾಡಿದ ಮಹಾನುಭಾವರು ಫೇಸ್‌ಪ್ಯಾಕಿನ ಬಗ್ಗೆ ಒಂದು ಅಧ್ಯಾಯ ಬರೆಯುವುದನ್ನು ಮರೆತಿದ್ದರು. ನೆಂಟರು ಬಂದಾಗ ಪ್ರೇಮಮ್ಮ ಕೆನ್ನೆ ಸವರಿಕೊಂಡು, "ಎಲ್ಲಾ ಮನೇಲೇ ಮಾಡ್ಕೊಂಡಿದ್ದು. ನಮ್ಮದೇ ಕೈ" ಎನ್ನುತ್ತಿದ್ದಳು.

ಆ ಶುಕ್ರವಾರ ಅಂತರಘಟ್ಟಮ್ಮ ಬಟ್ಟಲು ಚಾಚಿ, ಬಿಡದೆ ಹಿಡಿದುಕೊಂಡೇ ಕೇಳಿದಳು.

"ಅಮ್ಮಾರೆ, ಇದು ಹಚ್ಚಿದ್ರೆ ಖರೇನೇ ಬಣ್ಣ ಬರ್ತೈತಾ?"

"ನನ್ನ ಮುಖ ನೋಡಿದ್ರೆ ಗೊತ್ತಾಗಲ್ವೇನೆ?"

ಅಂತರಘಟ್ಟಮ್ಮ ನೋಡಿದಳು. ಲೇಪಕ್ಕೆ ಮುಂಚೆ ಪ್ರೇಮಮ್ಮ ಹೇಗಿದ್ದಳೋ ಈಗಲೂ ಹಾಗೇ ಇದ್ದಳು. ಸ್ವಲ್ಪ ಕಡಲೆಹಿಟ್ಟಿನ ವಾಸನೆ ಹೆಚ್ಚಾಗಿತ್ತು, ಅಷ್ಟೇ.

"ಗೊತ್ತಾಗ್ತೈತೆ ಬಿಡ್ರಿ" ಎಂದಳು.

"ಯಾರಿಗೆ? ನಿಮ್ಮ ಲಕ್ಷ್ಮೀಗಾ? ಗಂಡಿನ ಕಡೇರು ಬರ್ತಾರಾ?"

"ಭಾನುವಾರ ಬರ್ತಾರೆ. ಹೊನ್ನಾಳಿಯೋರು. ಹುಡುಗ ನ್ಯಾಮತೀಲಿ ಲೈನ್‌ಮನ್."

"ಹಂಗಾದ್ರೆ ಇದಕ್ಕೆ ರಕ್ತಚಂದನ ಬೆರೆಸು. ಕೆಂಪಗಿರ್ತದೆ. ಅದು ಬಿದ್ರೆ ಮುಖಕ್ಕೆ ಕಳೆ ಬರೋದು. ಅಂದ್ರೂ..." ಪ್ರೇಮಮ್ಮ ನಕ್ಕಳು, "ನಿಮ್ಮ ಲಕ್ಷ್ಮೀಗೆ ಒಂದು ಮರಾನೇ ತೇಯಬೇಕಾಗ್ತದೇನೋ."

ಅಂತರಘಟ್ಟಮ್ಮನೂ ನಕ್ಕಳು. ಆ ಹಿತ್ತಲಲ್ಲಿ ಯಜಮಾನ್ತಿ ನಕ್ಕಾಗ ನಗುವುದೂ ಕೂಲಿಯ ಲೆಕ್ಕದಲ್ಲೇ ಬರುತ್ತಿತ್ತು.

ಲಕ್ಷ್ಮೀದೇವಿ ಅವಳ ಒಬ್ಬಳೇ ಮಗಳು. ಚನ್ನಗಿರಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಓದು ಐತೆ, ಸಂಬಳ ಐತೆ, ಸ್ಕೂಟಿ ಐತೆ, ಬಾಯಿ ಅಂತೂ ಸ್ಕೂಟಿಗಿಂತ ಜೋರಾಗೈತೆ. ಇಲ್ಲದ್ದು ಒಂದೇ, ಮದುವೆ ಮಾರುಕಟ್ಟೆಯಲ್ಲಿ ಕೇಳುವ ಬಣ್ಣ. ಹೋದ ಸಲ ಜಗಳೂರಿನಿಂದ ಬಂದವರು ತಟ್ಟೆ ತುಂಬ ಮಂಡಕ್ಕಿ ಮೆಣಸಿನಕಾಯಿ ತಿಂದು, ಕೈ ಒರೆಸಿಕೊಂಡು, "ಹುಡುಗಿ ಎಲ್ಲಾ ಚೆನ್ನಾಗೈತ್ರಿ, ಸ್ವಲ್ಪ ಬಣ್ಣ ಒಂದು..." ಎಂದು ಎದ್ದು ಹೋಗಿದ್ದರು. ಹೇಳಿದವನು ಮೇಲಿನ ಕೇರಿಯವನಲ್ಲ, ಇವರವನೇ, ಇವರದೇ ಬಣ್ಣದವನು. ಹೇಳಿದ್ದೂ ಎಲ್ಲಿ ಕೂತು? ಗೋಡೆಯ ಮೇಲಿನ ಬುದ್ಧನ ಫೋಟೋ ಕೆಳಗೆ, ಬಾಬಾಸಾಹೇಬರ ಫೋಟೋ ಪಕ್ಕದಲ್ಲಿ. ಬುದ್ಧ ಮೊದಲೇ ಕಣ್ಣು ಮುಚ್ಚಿಕೊಂಡಿದ್ದದ್ದು ಒಳ್ಳೆಯದಾಯಿತು.

ಅವತ್ತು ಎದುರಾಡಬೇಕಾಗಿದ್ದವನು ಅಂತರಘಟ್ಟಮ್ಮನ ಗಂಡ ಧರ್ಮಪ್ಪ. ಪಂಚಾಯ್ತಿಯಲ್ಲಿ ಬಿಲ್ ಕಲೆಕ್ಟರ್ ಆಗಿ ನಿವೃತ್ತನಾದವನು, ಈಗ ಕಾಲೋನಿಯ ಸಂಘದ ಅಧ್ಯಕ್ಷ. ಏಪ್ರಿಲ್ ಬಂತೆಂದರೆ ಮೈಕಿನ ಮುಂದೆ ನಿಂತು, "ಚರ್ಮದ ಬಣ್ಣ ನೋಡುವವನು ಮನುಷ್ಯನೇ ಅಲ್ಲ!" ಎಂದು ಗುಡುಗುವವನು. ಮೇ ಬಂತೆಂದರೆ ತ್ಯಾವಣಿಗೆಯ ಮೆಡಿಕಲ್ ಶಾಪಿನಲ್ಲಿ ಬೆಳ್ಳಗಾಗುವ ಕ್ರೀಮನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಬಂದು ಮಗಳ ಸ್ಕೂಟಿ ಬ್ಯಾಗಿಗೆ ಹಾಕುವವನು. ತನ್ನೂರಿನ ಅಂಗಡಿಯಲ್ಲಿ ಕೊಂಡರೆ ಸಂಘಕ್ಕೆ ಮರ್ಯಾದೆಯಲ್ಲ ನೋಡಿ.

ಈ ಸಲದ ಸಂಬಂಧ ಮಾತ್ರ ಬೇರೆ ಥರದ್ದು. ಹುಡುಗ ಕೆಂಚೇಶ ಒಮ್ಮೆ ಜ್ವರ ಹಿಡಿದು ಚನ್ನಗಿರಿಯ ಅಕ್ಕನ ಮನೆಯಲ್ಲಿದ್ದಾಗ ಲಕ್ಷ್ಮೀದೇವಿಯ ಲ್ಯಾಬಿಗೆ ಬಂದಿದ್ದ. ಸೂಜಿ ಕಂಡವನೇ ಕಣ್ಣು ಗಟ್ಟಿಯಾಗಿ ಮುಚ್ಚಿ, ಹಲ್ಲು ಕಚ್ಚಿ ಕೂತ. ಕರೆಂಟು ಕಂಬ ಹತ್ತುವವನು ಸೂಜಿಗೆ ಹೆದರುವುದನ್ನು ನೋಡಿ ಲಕ್ಷ್ಮೀದೇವಿಗೆ ನಗು ತಡೆಯಲಿಲ್ಲ. ಜ್ವರ ಬಿಟ್ಟ ಮೇಲೂ ಅವನು ರಿಪೋರ್ಟು ಕೇಳುವ ನೆಪದಲ್ಲಿ ಫೋನು ಮಾಡುತ್ತಲೇ ಇದ್ದ. ಅಡಿಗೆಮನೆಯಲ್ಲಿ ಮುದ್ದೆ ತಿರುವುತ್ತಾ ಅಂತರಘಟ್ಟಮ್ಮ ಮಗಳ ನಗುವನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಳು. ಮಗಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಬಲ್ಲಳೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅದೇ ಮಗಳು ಈಗ ಹೇಳಿಬಿಟ್ಟಿದ್ದಳು: "ಅವ್ವ, ಇದೇ ಕೊನೆ. ಇನ್ನು ಯಾರು ಬಂದ್ರೂ ನಾನು ತಟ್ಟೆ ಹಿಡ್ಕೊಂಡು ಬರಾಕಿಲ್ಲ."

ಕೆಂಚೇಶನಿಗೆ ತಂದೆ ತಾಯಿ ಇರಲಿಲ್ಲ. ಸಾಕಿದವಳು ಸೋದರತ್ತೆ ಹನುಮಂತಮ್ಮ. ಅವಳು ಹೂಂ ಅಂದರೆ ಹೂಂ. ಆ ಹನುಮಂತಮ್ಮನ ಕೀರ್ತಿ ಹೊನ್ನಾಳಿಯ ಹೊಳೆ ದಾಟಿ ನಲ್ಲೂರಿಗೂ ಬಂದಿತ್ತು. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಬ್ಯಾಗಿನಿಂದ ಒಂದು ಒದ್ದೆ ಟವೆಲ್ ತೆಗೆದು, ಹುಡುಗಿಯ ಕೆನ್ನೆ ಒರೆಸಿ, ಪೌಡರ್ ಹತ್ತಿತೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದಳಂತೆ. ಒಂದು ಮನೆಯಲ್ಲಿ ಟವೆಲ್ಲಿಗೆ ಹತ್ತಿದ್ದನ್ನು ಹುಡುಗಿಯ ಅಪ್ಪನಿಗೇ ತೋರಿಸಿ, "ನಿಮ್ಮ ಮಗಳು ಇದರಾಗೇ ಅವಳೆ, ನೀವೇ ಇಟ್ಕಳ್ರಿ" ಎಂದು ಟವೆಲ್ ಬಿಟ್ಟು ಬಂದಳಂತೆ.

ಹಾಗಾಗಿ ಪೌಡರ್ ನಡೆಯುವಂತಿರಲಿಲ್ಲ, ಕ್ರೀಮೂ ನಡೆಯುವಂತಿರಲಿಲ್ಲ. ಒರೆಸಿದರೆ ಹೋಗದ ಬಣ್ಣವೇ ಬೇಕಾಗಿತ್ತು.

ಶನಿವಾರ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾ ಅಂತರಘಟ್ಟಮ್ಮ ಇದನ್ನೇ ಯೋಚಿಸುತ್ತಿದ್ದಳು. ರಕ್ತಚಂದನ ನಲ್ಲೂರಲ್ಲಿ ಸಿಗಲಿಲ್ಲ. ಗ್ರಂಧಿಗೆ ಅಂಗಡಿಯವನು ಕೊಟ್ಟ ಕೆಂಪು ಪುಡಿ ಇಟ್ಟಿಗೆ ವಾಸನೆ ಹೊಡೆಯುತ್ತಿತ್ತು. ಎದುರಿಗೆ ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಪಕ್ಕದಲ್ಲಿ ಚೊಗರಿನ ಡ್ರಮ್ಮು.

ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿ ಬೇಯಿಸಿ ಕೊನೆಗೆ ಉಳಿಯುವ ಗಟ್ಟಿ ಕೆಂಪು ರಸವೇ ಚೊಗರು. ಪೇಲವವಾದ ಅಡಿಕೆ ಬಂತೆನ್ನಿ, ಅದನ್ನು ಚೊಗರಿನಲ್ಲಿ ಹೊರಳಿಸಿ ಒಣಗಿಸುತ್ತಾರೆ. ನಿನ್ನೆ ಮೂಲೆಯಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ ಅಡಿಕೆ ಇವತ್ತು ಮಿರಮಿರ ಮಿಂಚುತ್ತಾ ಮಂಡಿಗೆ ಹೊರಡುತ್ತದೆ. ಮಂಡಿಯಲ್ಲಿ ಸಾಹುಕಾರ ಮುಷ್ಟಿಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಬಣ್ಣ ನೋಡಿ ತಲೆಯಾಡಿಸುತ್ತಾನೆ. ಒಳಗೆ ಏನಿದೆಯೆಂದು ಎಷ್ಟು ಜನ ಕಚ್ಚಿ ನೋಡುತ್ತಾರೆ? ಪ್ರಾಯವೆಲ್ಲ ಆ ಹಿತ್ತಲಿನ ಅಡಿಕೆ ಚಪ್ಪರದಲ್ಲಿ ಕಳೆದ ಅಂತರಘಟ್ಟಮ್ಮ ಕಂಡುಕೊಂಡ ಸತ್ಯ ಇದು. ಹನುಮಂತಮ್ಮನೂ ಬೆಳಕಿಗೆ ಹಿಡಿದು ನೋಡುವವಳೇ ತಾನೇ?

ಇನ್ನು ಒರೆಸಿದರೆ ಹೋಗುತ್ತದೆಯೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಅವಳ ಕೈಯಲ್ಲೇ ಇತ್ತು. ಬೆರಳ ಸಂದಿ, ಉಗುರ ಬುಡ, ಅಂಗೈಯ ಗೆರೆಗಳೆಲ್ಲ ಕಪ್ಪುಗೆಂಪು. ಯಾವ ಸೋಪಿಗೂ ಜಗ್ಗದ ಬಣ್ಣ. ಮನೆಗೆ ನೆಂಟರು ಬಂದರೆ ಅವಳು ಮೊದಲು ಮಾಡುವ ಕೆಲಸ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಳ್ಳುವುದು. ಅದೇ ಬಣ್ಣ ಮಗಳ ಕೆನ್ನೆಗೆ ಹೋದರೆ ಹೇಗಿರುತ್ತದೆಂದು ಅವಳಿಗೆ ಹೊಳೆಯಲಿಲ್ಲ. ಅಡಿಕೆಗೆ ಚೆಂದ ಬಂದದ್ದು ಹುಡುಗಿಗೆ ಬರದೇ ಇರುತ್ತದೆಯೇ?

ತಂಪು ಪಾನೀಯದ ಖಾಲಿ ಬಾಟಲಿಗೆ ಚೊಗರು ತುಂಬಿಕೊಳ್ಳುವಾಗ ಪ್ರೇಮಮ್ಮ ಕಂಡಳು. "ಅದೇನೇ?"

"ಹಿಮ್ಮಡಿ ಒಡೆದಾವ್ರಿ ಅಮ್ಮಾರೆ, ಹಚ್ಚಾಕೆ."

ಸುಳ್ಳೇನಲ್ಲ. ಒಡೆದ ಹಿಮ್ಮಡಿಗೆ ಚೊಗರು ಹಚ್ಚುವುದು ಅಲ್ಲೆಲ್ಲ ರೂಢಿಯೇ. ಹಿಮ್ಮಡಿಯಿಂದ ಮುಖ ಸ್ವಲ್ಪ ಮೇಲಿದೆ, ಅಷ್ಟೇ.

ಸಂಜೆ ಡ್ಯೂಟಿ ಮುಗಿಸಿ ಬಂದ ಲಕ್ಷ್ಮೀದೇವಿ ಬಟ್ಟಲು ನೋಡಿದವಳೇ ಸೊಂಟದ ಮೇಲೆ ಕೈಯಿಟ್ಟಳು.

"ಇದೇನವ್ವ? ಬಜ್ಜಿ ಹಿಟ್ಟಾ?"

"ಲೇಪ ಕಣೆ. ಎಲ್ಲಾ ಗಿಡಮೂಲಿಕೆ. ಕುಂತ್ಕಾ."

"ಯಾಕೆ? ನನ್ನ ಮುಖಕ್ಕೆ ಏನಾಗೈತೆ?"

"ಏನೂ ಆಗಿಲ್ಲ. ಏನಾದ್ರೂ ಆಗ್ಲಿ ಅಂತ್ಲೇ ಹಚ್ಚೋದು."

"ಅವನು ನನ್ನ ನೋಡಿಲ್ಲೇನು? ಹಗಲೊತ್ತಲ್ಲೇ ನೋಡ್ಯಾನೆ."

"ಅವನು ಕಣ್ಣು ಮುಚ್ಕೊಂಡಿದ್ದ ಅಂತ ನೀನೇ ಅಂದಿದ್ದೆ."

ಲಕ್ಷ್ಮೀದೇವಿ ಬ್ಯಾಗು ಮೂಲೆಗೆ ಎಸೆದಳು. ಅಂತರಘಟ್ಟಮ್ಮ ಆ ಸಂದಿಯಲ್ಲಿ ದನಿ ತಗ್ಗಿಸಿ, "ನನ್ನ ಸಮಾಧಾನಕ್ಕಾದ್ರೂ ಹಚ್ಚಿಸ್ಕೊಳ್ಳೆ, ನಮ್ಮವ್ವ" ಎಂದಳು. ಮಗಳು ಉಸ್ಸೆಂದು ಚಾಪೆಯ ಮೇಲೆ ಕೂತು ಮುಖ ಮೇಲೆತ್ತಿದಳು. ಚಿಕ್ಕವಳಿದ್ದಾಗ ಎಣ್ಣೆ ಸ್ನಾನಕ್ಕೆ ಕೂರುತ್ತಿದ್ದ ಹಾಗೆಯೇ. ಒರಟಾದ ಬೆರಳುಗಳು ಹಣೆಯಿಂದ ಗದ್ದದವರೆಗೆ ತಣ್ಣಗೆ ಇಳಿದು ಬರುತ್ತಿದ್ದರೆ, ದಿನವಿಡೀ ಊರವರ ನರ ಹುಡುಕಿ ದಣಿದಿದ್ದ ಅವಳ ಕಣ್ಣುಗಳು ಎಳೆಯತೊಡಗಿದವು. ಅರ್ಧ ಒಣಗುವಷ್ಟರಲ್ಲಿ ನಿದ್ದೆ ಹೋದಳು. ಎಬ್ಬಿಸಿ ತೊಳೆಸಬೇಕಿತ್ತು. ಆದರೆ ಚೊಗರಿನಲ್ಲಿ ಅದ್ದಿದ ಅಡಿಕೆಯನ್ನು ಯಾರಾದರೂ ಅರ್ಧಕ್ಕೇ ತೆಗೆಯುತ್ತಾರೆಯೇ? ಪೂರ್ತಿ ಹಿಡಿಯಲಿ ಎಂದು ಅಂತರಘಟ್ಟಮ್ಮ ದೀಪ ಆರಿಸಿದಳು.

ಪೂರ್ತಿಯೇ ಹಿಡಿಯಿತು.

ಬೆಳಿಗ್ಗೆ ನಲ್ಲಿಯ ಹತ್ತಿರ ಲಕ್ಷ್ಮೀದೇವಿ ಮುಖ ತೊಳೆದಳು. ಇನ್ನೊಮ್ಮೆ ತೊಳೆದಳು. ಸೋಪು ಹಾಕಿ ತೊಳೆದಳು. ಆಮೇಲೆ ಒಳಗೆ ಬಂದು ಕನ್ನಡಿ ನೋಡಿದಳು. ಹಣೆಯಿಂದ ಗದ್ದದವರೆಗೆ ಗಾರೆ ನೆಲದಂತೆ ಕಂದುಗೆಂಪು. ಕಣ್ಣಿನ ಸುತ್ತ, ತುಟಿಯ ಸುತ್ತ ಲೇಪ ತಾಗದ ಕಡೆ ಮಾತ್ರ ಹುಟ್ಟಿದ ಬಣ್ಣ, ಕನ್ನಡಕ ಹಾಕಿಕೊಂಡಂತೆ ಗುಂಡಗೆ ಉಳಿದಿತ್ತು. ಕುತ್ತಿಗೆಯ ಹತ್ತಿರ ಗೆರೆ ಎಳೆದಂತೆ ಗಡಿ.

ಅಂತರಘಟ್ಟಮ್ಮ ಬಾಗಿಲಲ್ಲೇ ನಿಂತಿದ್ದಳು. ಲಕ್ಷ್ಮೀದೇವಿ ಕೆನ್ನೆ ಕೆರೆದು, ಮೂಸಿ, ನಿಧಾನವಾಗಿ ತಿರುಗಿದಳು.

"ಅವ್ವ. ಚೊಗರು ಹಾಕಿದ್ಯಾ?"

"...ಒಂದು ಸೌಟು."

"ಸೌಟಾ!"

"ಅಡಿಕೆಗೆ ಬಣ್ಣ ಬರ್ತೈತಲ್ಲ ಅಂತ..."

ಲಕ್ಷ್ಮೀದೇವಿ ಬಾಯಿ ತೆರೆದಳು. ಬೈಗುಳವೇ ಬರಬೇಕಿತ್ತು, ಬಂದದ್ದು ನಗು. ನಕ್ಕೂ ನಕ್ಕೂ ಗೋಡೆಗೆ ಒರಗಿ ಕುಸಿದಳು. "ಹಂಗಾದ್ರೆ ನಾನೀಗ ಯಾವ ನಮೂನಿ ಅಡಿಕೆ ಅವ್ವ? ರಾಶೀನೋ, ಬೆಟ್ಟೆನೋ? ಚೀಲಕ್ಕೆ ತುಂಬಿ ನೇರ ಮಂಡೀಗೇ ಕಳಿಸು, ಅವರಾದ್ರೂ ಯಾಕೆ ಅಷ್ಟು ದೂರದಿಂದ ಬರಬೇಕು!"

ಅಂತರಘಟ್ಟಮ್ಮ ಅತ್ತಳು. ಗದ್ದಲಕ್ಕೆ ಒಳಬಂದ ಧರ್ಮಪ್ಪ ಮಗಳ ಮುಖ ನೋಡಿ ಹಿಂದಕ್ಕೆ ಹೆಜ್ಜೆಯಿಟ್ಟ. ಆಮೇಲೆ ಮನೆಯೇ ಪ್ರಯೋಗಾಲಯವಾಯಿತು. ಹುಣಸೆಹಣ್ಣು ತಿಕ್ಕಿದರು. ಮೊಸರು ತಿಕ್ಕಿದರು. ಪಾತ್ರೆ ತೊಳೆಯುವ ಸೋಪಿನಿಂದ ತಿಕ್ಕಿದರು. ಚೊಗರು ಜಪ್ಪಯ್ಯ ಅನ್ನಲಿಲ್ಲ, ತಿಕ್ಕಿದಷ್ಟೂ ಹೊಳಪು ಬಂತು. ಧರ್ಮಪ್ಪ ತನ್ನ ಗಾಡಿಯಿಂದ ಸ್ವಲ್ಪ ಪೆಟ್ರೋಲ್ ಹಿಡಿದುಕೊಂಡು ಬಂದ.

"ಅಪ್ಪಾ, ಅದನ್ನ ಅಲ್ಲೇ ಇಡು" ಎಂದಳು ಲಕ್ಷ್ಮೀದೇವಿ. "ಸಂಘದ ಅಧ್ಯಕ್ಷರು ಮಗಳಿಗೆ ಪೆಟ್ರೋಲ್ ಹಾಕಿದ್ರು ಅಂತ ನಾಳೆ ಪೇಪರ್‌ನಾಗೆ ಬರ್ತೈತೆ. ಮದುವೆ ಆದ್ಮೇಲೆ ಅತ್ತೆ ಮನೇರು ಹಾಕೋದು ರೂಢಿ, ನೀನು ಮೊದ್ಲೇ ಹಾಕಬ್ಯಾಡ."

ಧರ್ಮಪ್ಪ ಪೆಟ್ರೋಲ್ ಬಿಟ್ಟು ಫೋನು ಹಿಡಿದ. "ಹನುಮಂತಮ್ಮಾರಾ? ನಮಸ್ಕಾರ್ರಿ. ಏನಿಲ್ಲ, ಹುಡುಗೀಗೆ ಸ್ವಲ್ಪ ಹುಷಾರಿಲ್ಲ, ಬರೋ ವಾರ ಇಟ್ಕೊಂಡ್ರೆ..."

ಆ ಕಡೆಯ ದನಿ ಮನೆಯವರಿಗೆಲ್ಲ ಕೇಳಿಸಿತು. "ಹೊನ್ನಾಳಿ ಬಿಟ್ಟಾತು ಅಣ್ಣಾರೆ! ಹುಷಾರಿಲ್ಲದಾಗ್ಲೇ ನೋಡಬೇಕು. ಆರಾಮಿದ್ದಾಗ ಎಲ್ಲಾರೂ ಚೆಂದಾನೇ ಕಾಣ್ತಾರೆ!"

ಕಾರು ಕಾಲೋನಿಯ ಅರಳಿಮರದ ಹತ್ತಿರ ನಿಂತಿತು. ಅಂತರಘಟ್ಟಮ್ಮ ಅಡಿಗೆಮನೆಯ ಬಾಗಿಲಿಗೆ ಒತ್ತಿ ನಿಂತು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮೊದಲು ಇಳಿದದ್ದು ಹನುಮಂತಮ್ಮನ ಬ್ಯಾಗು. ಹಿಂದೆ ಹನುಮಂತಮ್ಮ, ಅವಳ ಹಿಂದೆ ಕೆಂಚೇಶ. ಹುಡುಗ ಒಳ್ಳೆಯ ಆಳು, ಆದರೆ ಮುಖದಲ್ಲಿ ಏನೋ ಒಂದು ಬೂದಿ ಕಳೆ. ಕೈಗಳು ಬಿಸಿಲುಂಡ ಬಣ್ಣದಲ್ಲಿದ್ದರೆ ಮುಖ ಸುಣ್ಣ ಸವರಿದ ಮಡಕೆಯಂತಿತ್ತು. ಪಾಪ, ಜ್ವರದಿಂದ ಇನ್ನೂ ಸುಧಾರಿಸಿಲ್ಲವೇನೋ ಎಂದುಕೊಂಡಳು ಅಂತರಘಟ್ಟಮ್ಮ.

ಕುಶಲ ಮುಗಿಯಿತು. ಮಳೆ ಬೆಳೆ ಮುಗಿಯಿತು. ಲಕ್ಷ್ಮೀದೇವಿ ಮಂಡಕ್ಕಿಯ ತಟ್ಟೆ ಹಿಡಿದು, ತಲೆ ತಗ್ಗಿಸದೆ ನಡುಮನೆಗೆ ಬಂದಳು.

ಕೆಂಚೇಶ ನೋಡಿದ. ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟ. ಹನುಮಂತಮ್ಮ ಬ್ಯಾಗಿನ ಜಿಪ್ಪು ಎಳೆದು ಒದ್ದೆ ಟವೆಲ್ ತೆಗೆದಳು.

"ಬಾರಮ್ಮ ಇಲ್ಲಿ."

ಒರೆಸಿದಳು. ಬೆಳಕಿಗೆ ಹಿಡಿದಳು. ಟವೆಲ್ ಬೆಳ್ಳಗಿತ್ತು. ಒತ್ತಿ ಒರೆಸಿದಳು. ಆಗಲೂ ಬೆಳ್ಳಗಿತ್ತು. ಅವಳ ಟವೆಲ್ಲಿನ ಇತಿಹಾಸದಲ್ಲೇ ಇಂಥ ಪರಿಸ್ಥಿತಿ ಬಂದಿರಲಿಲ್ಲ.

"ಪೌಡರಿಲ್ಲ" ಎಂದಳು, ಯಾರದೋ ತಪ್ಪು ಎನ್ನುವಂತೆ. ಆಮೇಲೆ ಕಣ್ಣು ಕಿರಿದು ಮಾಡಿ ಹತ್ತಿರ ಬಂದಳು. "ಅಲ್ಲಾ, ಇದೇನು ಕಣ್ಣಿನ ಸುತ್ತ ಒಂದು ಬಣ್ಣ, ಕೆನ್ನೆಗೆ ಒಂದು ಬಣ್ಣ?"

"ಅಲರ್ಜಿ!" ಎಂದ ಧರ್ಮಪ್ಪ.

"ಅಲರ್ಜಿ ಅಲ್ಲ ಅತ್ತೆ" ಎಂದಳು ಲಕ್ಷ್ಮೀದೇವಿ. "ಚೊಗರು. ನಿಮ್ಮ ಟವೆಲ್ಲಿಗೆ ಹೆದರಿ ನಮ್ಮವ್ವ ರಾತ್ರಿ ಲೇಪ ಹಚ್ಚಿದ್ಲು. ನಿಮ್ಮ ಟವೆಲ್ಲು ಸೋತೋತು."

ಅಂತರಘಟ್ಟಮ್ಮನಿಗೆ ಬಾಗಿಲಿನ ಚೌಕಟ್ಟೇ ನುಂಗಿಬಿಡಬಾರದೇ ಅನ್ನಿಸಿತು. ಹನುಮಂತಮ್ಮ ಅವಳ ಕಡೆ ತಿರುಗಿ, "ಆ ಲೇಪ ತರ್ರಿ ಇಲ್ಲಿ" ಎಂದಳು. ಬಟ್ಟಲಿನ ತಳದಲ್ಲಿ ಇನ್ನೂ ಹಸಿಯಾಗಿದ್ದ ಲೇಪವನ್ನು ಅಂತರಘಟ್ಟಮ್ಮ ತಂದು ಮುಂದಿಟ್ಟಳು. ಹನುಮಂತಮ್ಮ ನಾಲ್ಕು ಬೆರಳನ್ನೂ ಅದ್ದಿ, ಹೆಬ್ಬೆರಳಲ್ಲಿ ತೀಡಿ, ಅಂಗೈಗೆ ಸವರಿ, ಮೂಸಿ, ಪಂಡಿತಳಂತೆ ಘೋಷಿಸಿದಳು: "ಕಡ್ಲೆಹಿಟ್ಟು. ಅರಿಶಿನ. ಬೇವು. ಹೂಂ... ಚೊಗರೇ!" ಕೈಯನ್ನು ಟವೆಲ್ಲಿಗೆ ಒರೆಸಿಕೊಂಡಳು. ಕೈಯ ಕಡೆ ನೋಡಲಿಲ್ಲ.

"ಟವೆಲ್ಲು ಇತ್ಲಾಗೆ ಕೊಡ್ರಿ ಅತ್ತೆ" ಎಂದು ಲಕ್ಷ್ಮೀದೇವಿ ಕೈ ಚಾಚಿದಳು. "ಒಂದೇ ಕಡೆ ಒರೆಸಿದ್ರೆ ಹೆಂಗೆ?"

ಟವೆಲ್ ಕೆಂಚೇಶನ ಮುಂದೆ ಬಂತು. ಅವನು ಅತ್ತೆಯ ಮುಖ ನೋಡಿದ. ಅತ್ತೆ ಗೋಡೆಯ ಬುದ್ಧನನ್ನು ನೋಡಿದಳು. ಬುದ್ಧ ಎಂದಿನಂತೆ ಈ ವಿಷಯಕ್ಕೆ ಬರಲಿಲ್ಲ.

"ಬ್ಯಾಡ ಬಿಡು, ಗಂಡುಸ್ರಿಗೆಲ್ಲ ಯಾಕೆ..." ಎಂದು ಹನುಮಂತಮ್ಮ ಶುರು ಮಾಡುವಷ್ಟರಲ್ಲಿ ಕೆಂಚೇಶ ಎದ್ದಿದ್ದ. ಟವೆಲ್ ಹೆಗಲಿಗೆ ಹಾಕಿಕೊಂಡು ನೇರ ನಲ್ಲಿಗೆ ನಡೆದ. ಬಗ್ಗಿ, ಬೊಗಸೆ ಬೊಗಸೆ ನೀರು ಎರಚಿಕೊಂಡು, ಅಲ್ಲಿದ್ದ ಬಟ್ಟೆ ಸೋಪನ್ನೇ ತೆಗೆದು ಉಜ್ಜಿದ. ಕಲ್ಲಿನ ಮೇಲೆ ಬಿಳಿ ನೀರು ಹರಿಯಿತು. ತಿರುಗಿ ಬಂದಾಗ ಮುಖಕ್ಕೂ ಕೈಗೂ ಒಂದೇ ಬಣ್ಣ. ಕಂಬದ ಮೇಲಿನ ಬಿಸಿಲೆಲ್ಲ ಹಾಗೇ ಇತ್ತು.

"ಅತ್ತೆ ಹಚ್ಚಿದ್ಲು, ಕಾರ್‌ನಾಗೆ" ಎಂದ. "ಹೊನ್ನಾಳೀಲಿಂದ ಕೆರೀತಿತ್ತು. ಈಗ ಆರಾಮಾತು ನೋಡ್ರಿ."

"ಏ, ಅದು ಕೆಮಿಕಲ್ ಅಲ್ಲ, ಹರ್ಬಲ್ಲು!" ಎಂದಳು ಹನುಮಂತಮ್ಮ.

ಲಕ್ಷ್ಮೀದೇವಿ ನಕ್ಕಳು. ಕೆಂಚೇಶನೂ ನಕ್ಕ. ಧರ್ಮಪ್ಪ ನಗಬೇಕೋ ಬೇಡವೋ ಎಂದು ಒಂದು ಅರ್ಧ ನಗು ಮಾಡಿ ಇಟ್ಟುಕೊಂಡ. ಹನುಮಂತಮ್ಮನ ಮುಖ ಮಾತ್ರ ಬಿಗಿಯಿತು. ಬ್ಯಾಗಿನ ಜಿಪ್ಪು ಎಳೆದು ಎದ್ದಳು.

"ಆಗ್ಲಿ ಅಣ್ಣಾರೆ. ಹುಡುಗಿ ಮುಖದ್ದು ಇಳೀಲಿ. ಇಳಿದ ಮ್ಯಾಲೆ ಇನ್ನೊಂದು ಸಲ ಬಂದು ನೋಡಿ ಹೇಳ್ತೀವಿ."

"ಧಾರಾಳವಾಗಿ ಬರ್ರಿ, ಅದಕ್ಕೇನಂತೆ..." ಎಂದು ಧರ್ಮಪ್ಪ ಕೈ ಜೋಡಿಸುತ್ತಿದ್ದ.

ಅಂತರಘಟ್ಟಮ್ಮ ಮಗಳನ್ನು ನೋಡಿದಳು. ನಗು 'ಇನ್ನೊಂದು ಸಲ' ಎಂಬಲ್ಲಿಗೆ ಆರಿಹೋಗಿತ್ತು. ಆ ಚೊಗರು ಮೆತ್ತಿದ ಮುಖ ಹೋದ ಸಲ ಜಗಳೂರಿನವರು ಎದ್ದಾಗ ಇದ್ದ ಹಾಗೇ ಕಲ್ಲಾಗುತ್ತಿತ್ತು. ಹೂಂ ಅಂದರೆ ಸಂಬಂಧ ಉಳಿಯುತ್ತದೆ. ಇನ್ನೊಂದು ಟವೆಲ್ ಬರುತ್ತದೆ, ಇನ್ನೊಂದು ತಟ್ಟೆ. ಆಮೇಲೆ ಮದುವೆಯಾದರೂ ಆ ಟವೆಲ್ ಬ್ಯಾಗಿನಲ್ಲೇ ಇರುತ್ತದೆ. ಬೇಡ ಅಂದರೆ, ಗೋಡೆಯಾಚೆಯಿಂದ ಕೇಳಿದ ಆ ಸಣ್ಣ ದನಿಯ ನಗು?

"ಬರಬ್ಯಾಡ್ರಿ" ಎಂದಳು.

ಎಲ್ಲರೂ ತಿರುಗಿದರು. ಅಂತರಘಟ್ಟಮ್ಮನಿಗೇ ತನ್ನ ದನಿ ಯಾರದೋ ಅನ್ನಿಸಿತು. ಆಧಾರಕ್ಕೆ ಬಾಗಿಲು ಹಿಡಿಯಲು ಹೋಗಿ ಸೆರಗಿನಿಂದ ಕೈ ತೆಗೆದಳು, ತೆಗೆದದ್ದನ್ನು ಮತ್ತೆ ಒಳಗಿಡಲಿಲ್ಲ.

"ನೋಡಾಕಾದ್ರೆ ಬರಬ್ಯಾಡ್ರಿ ಅಕ್ಕಾರೆ. ನೋಡಿದ್ದು ಆತು. ಇದು ಇಳಿದ್ರೆ ಒಳಗೆ ಇದ್ದದ್ದೇ ಕಾಣ್ತೈತೆ, ಅದು ನನ್ನ ಬಣ್ಣ. ಅದನ್ನ ಇಳಿಸಾಕೆ ನನ್ನ ಕೈಲಿ ಆಗಾಕಿಲ್ಲ, ಇನ್ನು ಇಳಿಸೋದೂ ಇಲ್ಲ. ತಾರೀಕು ಇಡಾಕಾದ್ರೆ ಬರ್ರಿ."

ಧರ್ಮಪ್ಪನ ಜೋಡಿಸಿದ ಕೈ ಹಾಗೇ ನಿಂತಿತು. ವರ್ಷಗಟ್ಟಲೆ ಮೈಕಿನ ಮುಂದೆ ಹೇಳಿದ್ದನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಮೈಕಿಲ್ಲದೆ ಹೇಳಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಹನುಮಂತಮ್ಮ ಬ್ಯಾಗು ಹೆಗಲಿಗೇರಿಸಿ ಹೊರನಡೆದಳು. ಕೆಂಚೇಶ ಚಪ್ಪಲಿ ಮೆಟ್ಟುತ್ತಾ ಲಕ್ಷ್ಮೀದೇವಿಗೆ ಮಾತ್ರ ಕೇಳುವಂತೆ ಏನೋ ಅಂದ. ಅವಳು, "ಮೊದ್ಲು ನಿಮ್ಮತ್ತೆಗೆ ಹೇಳ್ರಿ, ಆಮ್ಯಾಲೆ ನನಗೆ" ಎಂದಳು, ಎಲ್ಲರಿಗೂ ಕೇಳುವಂತೆ.

ಕಾರು ಹೋಯಿತು. ಆ ದಿನ ಮನೆಯಲ್ಲಿ ಮಂಡಕ್ಕಿ ಹಾಗೇ ಮೆತ್ತಗಾಯಿತು.

ಸೋಮವಾರ ಲಕ್ಷ್ಮೀದೇವಿ ಅದೇ ಮುಖದಲ್ಲಿ ಲ್ಯಾಬಿಗೆ ಹೋದಳು. ಏನಾಯಿತೆಂದು ಕೇಳಿದವರಿಗೆಲ್ಲ, "ಪಾಲಿಶ್ ಮಾಡ್ಸಿದೀನಿ, ಕೈ ಚಾಚ್ರಿ" ಎಂದು ಸೂಜಿ ಚುಚ್ಚಿದಳು. ಮನೆಯಲ್ಲಿ ಮಾತ್ರ ಸುಮ್ಮನಿದ್ದಳು. ಫೋನು ಗುಂಯ್ ಎಂದಾಗೆಲ್ಲ ಅಂತರಘಟ್ಟಮ್ಮನ ಕೈ ಹಿಟ್ಟಿನಲ್ಲೇ ನಿಲ್ಲುತ್ತಿತ್ತು. ಒಂದರಲ್ಲೂ ಮಗಳು ಆ ಸಣ್ಣ ದನಿಯಲ್ಲಿ ಮಾತಾಡಲಿಲ್ಲ. ಮಗಳ ಬಾಳನ್ನು ಮೊದಲು ಚೊಗರಿನಿಂದ ಕೆಡಿಸಿದೆ, ಉಳಿದದ್ದನ್ನು ಬಾಯಿಂದ ಕೆಡಿಸಿದೆ ಎಂದು ಅವಳು ತನ್ನಷ್ಟಕ್ಕೇ ಬೈದುಕೊಂಡಳು. ಬೈದುಕೊಂಡರೂ, ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕೆಂದು ಮಾತ್ರ ಅನ್ನಿಸಲಿಲ್ಲ.

ಶುಕ್ರವಾರ ಬಂತು. ಪ್ರೇಮಮ್ಮ ಕಡಲೆಹಿಟ್ಟು, ಬೇವು ತಂದು ಒರಳುಕಲ್ಲಿನ ಪಕ್ಕದಲ್ಲಿಟ್ಟಳು. "ನುಣ್ಣಗೆ ಅರಿ. ಹೋದ ವಾರ ತರಿತರಿ ಇತ್ತು."

ಅಂತರಘಟ್ಟಮ್ಮ ಒರಳು ನೋಡಿದಳು. ಪಕ್ಕದಲ್ಲಿದ್ದ ಚೊಗರಿನ ಡ್ರಮ್ಮು ನೋಡಿದಳು. ಪ್ರೇಮಮ್ಮನ ನುಣುಪು ಕೆನ್ನೆ ನೋಡಿದಳು. ಒಂದು ಸೌಟು ಸಾಕಾಗಿತ್ತು. ಆ ಆಸೆಯನ್ನು ಬಾಯಿಯಲ್ಲಿ ಅಡಿಕೆಯಂತೆ ಒಂದಿಷ್ಟು ಹೊತ್ತು ಆಡಿಸಿ, ಉಗಿದುಬಿಟ್ಟಳು.

"ನಾನು ಅರಿಯಾಕಿಲ್ರಿ ಅಮ್ಮಾರೆ."

"ಯಾಕೆ? ಕೈಗೇನಾಗೈತೆ?"

"ಕೈಗೇನೂ ಆಗಿಲ್ಲ. ಒಳಗೆ ಒಳ್ಳೆ ಮಿಕ್ಸಿ ಐತಲ್ರಿ. ಅದರಾಗೆ ಚೆಂದಾಗಿ ನುಣ್ಣಗಾಗ್ತೈತೆ. ಅಲ್ಲಿಗೆ ನಾನು ಬರಂಗಿಲ್ಲ, ನೀವು ಹೋಗಬೋದು."

ಪ್ರೇಮಮ್ಮ ಬೇವಿನ ಸೊಪ್ಪನ್ನು ಮತ್ತೆ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ಅರಚಿತು. ಅಂತರಘಟ್ಟಮ್ಮ ಅಲ್ಲೇ ಮೆಟ್ಟುಗತ್ತಿಯ ಮಣೆಯ ಮೇಲೆ ಕೂತು ಕಿವಿಗೆ ಹಿಡಿದಳು.

"ಅಕ್ಕಾ, ನಾನು. ಹೊನ್ನಾಳೀಲಿಂದ." ಹನುಮಂತಮ್ಮನ ದನಿಯಲ್ಲಿ ಎಂದಿನ ಜೋರಿರಲಿಲ್ಲ. "ಈ ಬೆರಳಿನ ಚೊಗರು ಹೋಗವಲ್ದು. ಅಂಗೈ ತುಂಬ ಆಗೈತೆ. ಹುಣಸೇಹಣ್ಣು ಹಾಕ್ದೆ, ನಿಂಬೇಹಣ್ಣು ಹಾಕ್ದೆ. ಎಲ್ಲಿ ಹೋದ್ರೂ ಸೆರಗಿನಾಗೆ ಇಟ್ಕೊಂಡು ಕುಂತ್ಕೊಳ್ಳಂಗಾಗೈತೆ. ಏನು ಹಚ್ಚಿದ್ರೆ ಹೋಗ್ತೈತೆ?"

"ಏನೂ ಹಚ್ಚಬ್ಯಾಡ್ರಿ. ಹೊರಗೆ ಇಟ್ಕೊಂಡು ಓಡಾಡ್ರಿ. ತಾನೇ ಹೋಗ್ತೈತೆ."

"ಮದುವೆ ಹೊತ್ತಿಗಾದ್ರೂ ಹೋಗ್ತೈತಾ?"

ಅಂತರಘಟ್ಟಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. "ಯಾರ ಮದುವೆ?"

"ಯಾರದ್ದು ಅಂದ್ರೆ? ಮುಖಕ್ಕೆ ಏನೂ ಹಚ್ಚಲ್ಲ, ಬೇರೆ ಹೆಣ್ಣನ್ನ ನೋಡಲ್ಲ ಅಂತ ಕುಂತೈತೆ ನಮ್ಮದು. ಡ್ಯೂಟೀಗೂ ಹೋಗದಂಗೆ ಮನೇಲೇ ಕುಂತೈತೆ. ಅರ್ಧ ನ್ಯಾಮತೀಗೆ ಕರೆಂಟಿಲ್ಲ. ಬರೋ ಭಾನುವಾರ ಬರ್ತೀವಿ."

"ಏನಕ್ಕೆ?"

ಹನುಮಂತಮ್ಮ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳೋ ಏನೋ.

"ತಾರೀಕು ಇಡಾಕೆ" ಎಂದಳು.

ಅಂತರಘಟ್ಟಮ್ಮ ಫೋನನ್ನು ಇನ್ನೊಂದು ಕಿವಿಗೆ ದಾಟಿಸಿಕೊಂಡಳು. ಎದುರಿಗೆ ಪ್ರೇಮಮ್ಮ ಬೇವಿನ ಸೊಪ್ಪು ಹಿಡಿದು ಇನ್ನೂ ನಿಂತೇ ಇದ್ದಳು.

"ಬರ್ರಿ ಬೀಗ್ರೆ" ಎಂದಳು ಅಂತರಘಟ್ಟಮ್ಮ, ಇಡೀ ಹಿತ್ತಲಿಗೆ ಕೇಳುವಂತೆ. "ಮಂಡಕ್ಕಿ ಮಾಡಿರ್ತೀನಿ. ಟವೆಲ್ಲು ತರಬ್ಯಾಡ್ರಿ, ಕೈ ಒರೆಸ್ಕೊಳ್ಳಾಕೆ ನಮ್ಮನೇಲೇ ಐತೆ."